ಹಿಂದಕ್ಕೆ ಹೊರಟ ಗೊಣಗಪ್ಪ

ಆ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಆಕಾಶ ಬೆಳಗಿ ಬೋರಲು ಹಾಕಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಇಬ್ಬನಿ ಬೇಗ ಆರಿ, ಎಂಟು ಗಂಟೆಗೆಲ್ಲ ಹುಲ್ಲುಗಾವಲಿಗೆ ಕಾಲಿಟ್ಟರೆ ಕೊಯ್ದು ಹರಡಿದ್ದ ಹುಲ್ಲು ಪಾದದ ಕೆಳಗೆ ಚರಚರ ಅನ್ನುತ್ತಿತ್ತು. ಇಂಥ ಬೆಳಗನ್ನು ದೇವರು ಸುಮ್ಮನೆ ಕೊಡುವುದಿಲ್ಲ, ಇದರ ಬೆನ್ನಿಗೆ ಇನ್ನೇನೋ ಕಟ್ಟಿ ಕಳಿಸಿರುತ್ತಾನೆ ಎಂದುಕೊಂಡು ದೊಡ್ಡಮ್ಮ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. ಕಳಿಸಿದ್ದ. ಗುಡ್ಡದಾಚೆ ಹೆಬ್ಬೆರಳಿನಷ್ಟು ಒಂದು ಮೋಡ ಇಣುಕುತ್ತಿತ್ತು.

"ಮೂರು ಗಂಟೆ ಮೇಲೆ ಮಳೆ ಅಂತೆ ಅಮ್ಮ. ರೇಡಿಯೋದಲ್ಲಿ ಹೇಳಿದ್ರು," ಎಂದಳು ಮಗಳು.

"ರೇಡಿಯೋದವನಿಗೆ ಯಾರು ಹೇಳಿದ್ರು?"

"ಮೋಡಾನೇ ಹೇಳಿರತ್ತೆ."

"ಹಾಗಾದ್ರೆ ನಿಜ ಇರತ್ತೆ ಬಿಡು," ಎಂದು ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವರ ಅವಸರಕ್ಕೆ ಕಾರಣವಿತ್ತು. ಹೋದ ವರ್ಷ ಕೊಯ್ದ ಹುಲ್ಲು ಅಟ್ಟ ಸೇರುವ ಮೊದಲೇ ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿತ್ತು. ಹದಿನೇಳು ಹಸುಗಳು ಇಡೀ ಚಳಿಗಾಲ ಆ ಹುಲ್ಲನ್ನು ಮೂಸುವುದು, ದೊಡ್ಡಮ್ಮನ ಮುಖ ನೋಡುವುದು, ಮತ್ತೆ ಮೂಸುವುದು, ಹೀಗೇ ಕಳೆದಿದ್ದವು. ಟ್ರ್ಯಾಕ್ಟರಿಗೆ ವಯಸ್ಸಾಯಿತು ಎಂದು ಮನೆಯವರೂ ನೆಂಟರೂ ಅಂದರು. ಓಡಿಸುವವರಿಗೂ ಅರವತ್ತೇಳಾಯಿತು ಎಂದು ಯಾರೂ ಅನ್ನಲಿಲ್ಲ. ಆದರೆ ದೊಡ್ಡಮ್ಮನ ಕಿವಿ ಚುರುಕು, ಅನ್ನದೇ ಬಿಟ್ಟದ್ದೂ ಕೇಳಿಸಿತು. ಆಗ ಅವರೇ ಎಲ್ಲರೆದುರು ನಿಂತು ಹೇಳಿಬಿಟ್ಟಿದ್ದರು: "ಬರೋ ವರ್ಷವೂ ಹುಲ್ಲು ನೆಂದರೆ ನಾನಾಗೇ ಕೆಳಗಿಳೀತೀನಿ. ಮೂರನ್ನೂ ಗುಜರಿಗೆ ಕಳಿಸಿ, ಪಕ್ಕದ ಹೊಲದವನ ಹೊಸ ಯಂತ್ರಕ್ಕೆ ಹೇಳಿ. ದೇವರಾಣೆ." ದೊಡ್ಡಮ್ಮ ಆಣೆ ಇಟ್ಟದ್ದನ್ನು ಮಗಳು ಹುಟ್ಟಿದ ಮೇಲೆ ಕೇಳಿದ್ದು ಅದೊಂದೇ ಸಲ.

ಮೂರು ಅಂದರೆ ಮನೆಯ ಮೂರು ಹಳೇ ಜೀವಗಳು. ಮೊದಲನೆಯವನು ಗೊಣಗಪ್ಪ, ದೊಡ್ಡಮ್ಮನ ಟ್ರ್ಯಾಕ್ಟರು. ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಮಾತ್ರ ಏಳುವವನು. ಎದ್ದ ಮೇಲೆ ಮಲಗಿಸುವವರೆಗೆ ಗೊಣಗುವುದೇ ಕೆಲಸ. ಎರಡನೆಯದು ಆನೆ. ಅದೂ ಟ್ರ್ಯಾಕ್ಟರೇ, ಆದರೆ ಮೂತಿಗೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಉದ್ದುದ್ದ ಹಲ್ಲಿನ ಕವೆ. ಹುಲ್ಲಿನ ರಾಶಿಗೆ ಕವೆ ತೂರಿಸಿ, ಎತ್ತಿ, ಅಟ್ಟದ ಬಾಗಿಲಿಗೆ ಒಯ್ದು ಸುರಿಯುವ ಲೋಡರು. ಅದು ಮುಗ್ಗರಿಸದಂತೆ ಹಿಂದೆ ಸಿಮೆಂಟು ತುಂಬಿದ ಪೀಪಾಯಿಯೊಂದನ್ನು ಬೆಸುಗೆ ಹಾಕಿ ಕೂರಿಸಿದ್ದರು; ಹಾಗಾಗಿ ಅದರ ಬೆನ್ನಿಗೆ ಬೇರೆ ಏನನ್ನೂ ಕಟ್ಟುವಂತಿರಲಿಲ್ಲ. ಆನೆಯ ಮಾವುತಳು ಮಗಳು. ಮೂರನೆಯದು ಬಾಚಣಿಗೆ: ಹಲ್ಲುಹಲ್ಲಿನ ಚಕ್ರಗಳ ಸಾಲು. ಎಳೆದುಕೊಂಡು ಹೋದರೆ ಚಕ್ರಗಳು ತಾವೇ ತಿರುಗಿ, ಹರಡಿದ ಹುಲ್ಲನ್ನು ಬಾಚಿ ಜಡೆಯ ಹಾಗೆ ಉದ್ದಕ್ಕೆ ಸಾಲು ಮಾಡುತ್ತವೆ. ಗೊಣಗಪ್ಪ ಬಾಚಿದರೆ ಆನೆ ಎತ್ತುತ್ತದೆ. ಗೊಣಗಪ್ಪ ಬಾಚದಿದ್ದರೆ ಆನೆಗೆ ರಜ.

ದೊಡ್ಡಮ್ಮ ಹ್ಯಾಂಡಲ್ ತೂರಿಸಿ, ಅದು ತಿರುಗಿ ಒದ್ದರೆ ಮುರಿಯದಿರಲೆಂದು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು, ದೇವರನ್ನು ನೆನೆದು ಒಂದು ಸುತ್ತು ಎಳೆದರು.

ಗೊಣಗಪ್ಪ ಒಂದು ಗೇಣು ಹಿಂದಕ್ಕೆ ಸರಿದ.

"ಇದೇನೇ ಇದು, ನನ್ನ ಕಂಡರೆ ನಾಚಿಕೆ ಪಡ್ತಿದಾನೆ?"

ಇನ್ನೊಂದು ಸುತ್ತು. ಇನ್ನೊಂದು ಗೇಣು ಹಿಂದಕ್ಕೆ. ಮಗಳು ಹತ್ತಿ ನೋಡಿದಳು. ಗೇರಿನ ಕೋಲು ಹಿಂದಕ್ಕೆ ಹೋಗುವ ಗೇರಿನಲ್ಲಿ ಕೂತಿತ್ತು. ಎಳೆದಳು, ತಳ್ಳಿದಳು, ಎರಡು ಕೈಯಲ್ಲಿ ಜೋತುಬಿದ್ದಳು. ಬೀಳಲಿರುವ ಹಲ್ಲಿನ ಹಾಗೆ ಸದಾ ಅಲ್ಲಾಡುತ್ತಿದ್ದ ಕೋಲು ಇವತ್ತು ಕಲ್ಲಿಗೆ ನೆಟ್ಟ ಕಂಬ.

ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಮೈದುನ ಕಾಣಿಸಿಕೊಂಡ. ಮುಖ ಅರಳಿತ್ತು.

"ಹೇಗಿದೆ ಅತ್ತಿಗೆ? ನಿನ್ನೆ ಸಂಜೆ ನಾನೇ ಕೂತು ಬಿಗಿ ಮಾಡಿದೆ. ಕೋಲು ಒಂದು ಕೂದಲೆಳೆಯಷ್ಟೂ ಅಲ್ಲಾಡಲ್ಲ!"

ಈ ಮೈದುನ ನಲವತ್ತು ವರ್ಷ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿದವನು. ಕೈಗೆ ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಅಂಗಡಿ ಮುಚ್ಚಿ, ತೀರಿಕೊಂಡ ಅಣ್ಣನ ಮನೆಗೆ ಬಂದು ಮೂರು ತಿಂಗಳಾಗಿತ್ತು. ಒಳ್ಳೆಯವನು, ಆದರೆ ಸಡಿಲವಾದದ್ದು ಏನು ಕಂಡರೂ ಕಣ್ಣಿಗೆ ಧೂಳು ಬಿದ್ದವನ ಹಾಗೆ ಒದ್ದಾಡುತ್ತಿದ್ದ. ಮನೆಯ ಬಾಗಿಲುಗಳನ್ನೆಲ್ಲ ಬಿಗಿ ಮಾಡಿದ. ಈಗ ಬಚ್ಚಲ ಬಾಗಿಲನ್ನು ಭುಜ ಕೊಟ್ಟು ತೆರೆಯಬೇಕು. ದೊಡ್ಡಮ್ಮನ ಕನ್ನಡಕ ಬಿಗಿ ಮಾಡಿದ. ಈಗ ಅವರ ಮೂಗಿನ ಮೇಲೆ ಎರಡು ಗುಳಿ.

"ಅಯ್ಯೋ ನನ್ನಪ್ಪಾ," ಎಂದರು ದೊಡ್ಡಮ್ಮ. "ಆ ಕೋಲು ಅಲ್ಲಾಡ್ತಿದ್ದದ್ದೇ ಗೇರು ಸಿಗಲಿ ಅಂತ. ಮೂವತ್ತು ವರ್ಷದಿಂದ ಅದು ಅಲ್ಲಾಡೋದು, ನಾನು ಹುಡುಕೋದು. ಅಲ್ಲಾಡಿಸಿ ಅಲ್ಲಾಡಿಸಿಯೇ ನಮ್ಮ ಸಂಸಾರ ನಡೆದಿದೆ."

"ಸಡಿಲ ಇದ್ದರೆ ಟೈಮ್ ತಪ್ಪುತ್ತೆ ಅತ್ತಿಗೆ."

"ಗಡಿಯಾರ ಒಂದೇ ಕಡೆ ತಿರುಗತ್ತೆ ಕಣಪ್ಪ. ಇವನು ಎರಡೂ ಕಡೆ ಹೋಗಬೇಕಿತ್ತು."

ಮೈದುನನ ಮುಖದ ಬಣ್ಣ ಇಳಿಯಿತು. ಓಡಿ ಹೋಗಿ ಸ್ಕ್ರೂಡ್ರೈವರು ತಂದ. ಗೇರುಪೆಟ್ಟಿಗೆಯ ಮುಚ್ಚಳದಲ್ಲಿ ಆರು ಸ್ಕ್ರೂ. ತನ್ನ ಬಿಗಿಯನ್ನು ತಾನೇ ಬಿಚ್ಚಲು ಹೋಗಿ ಮೊದಲನೆಯದರ ತಲೆ ಮುರಿದ, ಎರಡನೆಯದರ ತಲೆ ಸವೆಸಿದ. ಮೂರನೆಯದಕ್ಕೆ ಕೈ ಹಾಕುವ ಮೊದಲು ದೊಡ್ಡಮ್ಮ ಸ್ಕ್ರೂಡ್ರೈವರು ಕಸಿದುಕೊಂಡರು. ಮೆಕ್ಯಾನಿಕ್ಕಿಗೆ ಫೋನ್ ಹೋಯಿತು. ಅವನು ಎಲ್ಲೋ ದೂರದಲ್ಲಿ ಯಾರದೋ ಎಂಜಿನ್ನಿನ ಹೊಟ್ಟೆಯೊಳಗಿದ್ದ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದ.

ಮೂವರೂ ಗುಡ್ಡದ ಕಡೆ ನೋಡಿದರು. ಹೆಬ್ಬೆರಳು ಅಂಗೈಯಾಗಿತ್ತು.

ದೊಡ್ಡಮ್ಮ ಗೊಣಗಪ್ಪನ ಕಬ್ಬಿಣದ ಸೀಟಿನ ಅಂಚನ್ನು ಸುಮ್ಮನೆ ಸವರಿದರು. ಬಟ್ಟಲಿನಂಥ ಆ ಸೀಟು ಮೂವತ್ತು ವರ್ಷದಲ್ಲಿ ಅವರ ಮೈಗೆ ಸರಿಯಾಗಿ ನುಣುಪಾಗಿತ್ತು. ಆಣೆ ಇಟ್ಟವರಿಗೆ ಆಣೆಯ ಭಾರ ಗೊತ್ತು. ಮಗಳಿಗೆ ಆ ಕೈ ನೋಡಲಾಗಲಿಲ್ಲ. ಅಳು ಬರುವ ಕಡೆ ತಮಾಷೆ ಮಾಡುವುದು ಅವಳ ಜಾಯಮಾನ.

"ಹೋಗ್ಲಿ ಬಿಡಮ್ಮ, ಹಿಂದಿನ ಗೇರಾದರೂ ಇದೆಯಲ್ಲ. ಹಿಂದಕ್ಕೇ ಹೋಗೋಣ."

ದೊಡ್ಡಮ್ಮನ ಕೈ ನಿಂತಿತು. "ಇನ್ನೊಂದು ಸಲ ಹೇಳು."

"ತಮಾಷೆಗಂದೆ ಅಮ್ಮ."

"ದೇವರು ನಿನ್ನ ಬಾಯಲ್ಲಿ ತಮಾಷೆಗೆ ಹೇಳಿಸಿಲ್ಲ. ಗೊಣಗಪ್ಪನ ಮೂತೀಲಿ ಕೊಕ್ಕೆ ಇದೆಯಾ ಇಲ್ವಾ?"

ಇತ್ತು. ಕೆಸರಲ್ಲಿ ಹೂತುಕೊಂಡಾಗ ಎಳೆದು ತೆಗೆಯಲೆಂದು ಹಳೇ ಟ್ರ್ಯಾಕ್ಟರುಗಳ ಮುಂಭಾಗದಲ್ಲೂ ಒಂದು ಕೊಕ್ಕೆ ಇರುತ್ತದೆ. ಬಾಚಣಿಗೆಯನ್ನು ಹಿಂದೆ ಕಟ್ಟುವ ಬದಲು ಮೂತಿಗೆ ಕಟ್ಟಿದರೆ? ಗೊಣಗಪ್ಪ ಹಿಂದಕ್ಕೆ ಹೋಗುತ್ತಾ ಹೋದರೆ ಬಾಚಣಿಗೆಯೂ ಹಿಂಬಾಲಿಸಲೇಬೇಕಲ್ಲ! ಬಾಚಣಿಗೆಗೇನು ಗೊತ್ತು, ತನ್ನನ್ನು ಎಳೆಯುತ್ತಿರುವುದು ಮುಖವೋ ಬೆನ್ನೋ ಅಂತ?

ಹತ್ತು ನಿಮಿಷದಲ್ಲಿ ಕಟ್ಟಿದರು. ಆಮೇಲೆ ಹೊಸ ತೊಡಕು. ಗೇರು ಬಿಡುಗಡೆಯಾಗದ ಮೇಲೆ, ಹ್ಯಾಂಡಲ್ ತಿರುಗಿಸುವಾಗ ಯಾರಾದರೂ ಮೇಲೆ ಕೂತು ಕ್ಲಚ್ಚು ತುಳಿದು ಹಿಡಿಯಬೇಕು. ಹ್ಯಾಂಡಲ್ಲಿನ ಮರ್ಮ ಬಲ್ಲವರು ದೊಡ್ಡಮ್ಮ ಒಬ್ಬರೇ. ಮಗಳು ಆನೆಯ ಮೇಲಿರಬೇಕು. ಉಳಿದವನು ಮೈದುನ.

"ನಾನಾ? ನಾನು ಸೈಕಲ್ ಬಿಟ್ಟರೆ ಬೇರೇನೂ ಓಡಿಸಿಲ್ಲ."

"ಓಡಿಸು ಅಂತ ಯಾರಂದ್ರು? ತುಳಕೊಂಡು ಕೂತಿರು."

ಕೂತ. ಎರಡು ಕಾಲನ್ನೂ ಕ್ಲಚ್ಚಿನ ಮೇಲೆ ಹೇರಿ, ಬಾವಿಯ ಕಟ್ಟೆ ಮೇಲೆ ಕೂರಿಸಿದ ಬೆಕ್ಕಿನ ಹಾಗೆ ಕೂತ. ದೊಡ್ಡಮ್ಮ ಮೂರು ಸುತ್ತು ಎಳೆದರು. ಗೊಣಗಪ್ಪ ಕೆಮ್ಮಿದ, ಕ್ಯಾಕರಿಸಿದ, ಕರಿಹೊಗೆ ಉಗುಳಿ ಎದ್ದು ಗೊಣಗತೊಡಗಿದ.

"ಈಗ ಇಳೀಲಾ?" ಮೈದುನ ಕೂಗಿದ.

"ಕಾಲೆತ್ತಿದರೆ ನೀನಿಲ್ದೇ ಹೊರಡ್ತಾನೆ!" ಮಗಳು ಆನೆಯ ಮೇಲಿಂದ ಕೂಗಿದಳು. "ಕೂತ್ಕೋ ಚಿಕ್ಕಪ್ಪ, ನಿನ್ನ ಜಾತಕದಲ್ಲಿ ಇವತ್ತು ವಾಹನಯೋಗ!"

ದೊಡ್ಡಮ್ಮ ಒಂದು ಗಳಿಗೆ ನಿಂತು ಯೋಚಿಸಿದರು. ಹಿಂದಕ್ಕೆ ಹೋಗುವ ಗಾಡಿಗೆ ಇಬ್ಬರು ಬೇಕು: ಬಾಚಣಿಗೆಯ ಕಡೆ ಮುಖ ಮಾಡಿ ಚಕ್ರ ತಿರುಗಿಸಲು ಒಬ್ಬರು, ಹೋಗುವ ದಾರಿ ನೋಡಲು ಒಬ್ಬರು. ಈ ಗಾವಲಿನ ಕಲ್ಲು, ಗುಂಡಿ, ಇಲಿಬಿಲ ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ಮೈದುನನಿಗೆ ಒಂದೂ ಗೊತ್ತಿರಲಿಲ್ಲ. ಆದ್ದರಿಂದ ದಾರಿ ನೋಡುವವರು ತಾವೇ. ಮೂವತ್ತು ವರ್ಷದ ಸೀಟನ್ನು ಅವನಿಗೇ ಬಿಟ್ಟು, ಹಿಂದಿನ ಕಬ್ಬಿಣದ ಪಟ್ಟಿ ಹತ್ತಿ, ಅವನ ಬೆನ್ನಿಗೆ ಬೆನ್ನು ಕೊಟ್ಟು, ಮಡ್‌ಗಾರ್ಡ್ ಹಿಡಿದು ನಿಂತರು.

"ಮೆಲ್ಲಗೆ ಕಾಲೆತ್ತು."

ಮೈದುನನಿಗೆ ಮೆಲ್ಲಗೆ ಗೊತ್ತಿರಲಿಲ್ಲ. ಗೊಣಗಪ್ಪ ನೆಗೆದ. ದೊಡ್ಡಮ್ಮ "ಭಗವಂತಾ!" ಎಂದರು. ಬಾಚಣಿಗೆ ಗಿಲಗಿಲ ಎಂದಿತು. ಹೊರಟೇಬಿಟ್ಟರು!

"ಎಡಕ್ಕೆ!" ದೊಡ್ಡಮ್ಮ ಕೂಗಿದರು.

ಅವನು ತನ್ನ ಎಡಕ್ಕೆ ತಿರುಗಿಸಿದ. ಅದು ಅವರ ಬಲ.

"ಎಡಕ್ಕೆ ಅಂದ್ನಲ್ಲ!"

"ಎಡಕ್ಕೇ ಹೋಗ್ತಿದೀನಲ್ಲ!"

"ನನ್ನ ಎಡ ಕಣೋ!"

"ನಿಮ್ಮ ಎಡ ನನಗೆ ಹೇಗೆ ಕಾಣಬೇಕು ಅತ್ತಿಗೆ?"

ಮೊದಲ ಸಾಲು ಸ್ಲೇಟಿನ ಮೇಲೆ ಮಗು ಗೀಚಿದ ಗೆರೆಯಾಯಿತು. ಬೇಲಿಯ ಹತ್ತಿರ ಒಂದು ಪೂರ್ತಿ ಸೊನ್ನೆ ಸುತ್ತಿದರು. ಮಗಳು ಆನೆಯ ಮೇಲೆ ನಗುತ್ತಾ ನಗುತ್ತಾ ಸ್ಟೀರಿಂಗಿಗೆ ಹಣೆ ಹಚ್ಚಿದ್ದಳು. ಹಸುಗಳು ಬೇಲಿಯಾಚೆ ಸಾಲಾಗಿ ನಿಂತು ಮೆಲುಕು ಹಾಕುವುದನ್ನೇ ಮರೆತು ನೋಡುತ್ತಿದ್ದವು.

"ನಿಲ್ಲಿಸು," ಎಂದರು ದೊಡ್ಡಮ್ಮ. ನಿಂತಿತು. "ಎಡ ಬಲ ಬಿಡು. ಮನುಷ್ಯನ ಎಡ ಬಲ ಅವನು ನಿಂತ ಹಾಗೆ. ದೇವರು ಇಟ್ಟಿದ್ದು ಇಟ್ಟಲ್ಲೇ ಇರತ್ತೆ. ಆ ಕಡೆ ಬಾವಿ, ಈ ಕಡೆ ಕೊಟ್ಟಿಗೆ. ಬಾವಿ ಅಂದ್ರೆ ಬಾವಿ ಕಡೆ ತಿರುಗಿಸು. ಕೊಟ್ಟಿಗೆ ಅಂದ್ರೆ ಕೊಟ್ಟಿಗೆ ಕಡೆ."

"ಎರಡೂ ಅನ್ನದಿದ್ರೆ?"

"ನೆಟ್ಟಗೆ ಹೋಗು, ಬಾಯಿ ಮುಚ್ಕೊಂಡು."

ಆಮೇಲೆ ನೋಡಬೇಕಿತ್ತು. "ಬಾವಿ... ಬಾವಿ... ಸಾಕು! ಕೊಟ್ಟಿಗೆ ಒಂಚೂರು... ಕಲ್ಲು ಬಂತು, ಬಾವಿ ಬಾವಿ ಬಾವಿ! ಹಾಂ, ಈಗ ನೆಟ್ಟಗೆ ಮಗನೇ!" ಸಾಲು ನೆಟ್ಟಗಾಯಿತು. ಗೊಣಗಪ್ಪನ ಮೂತಿಯ ಮುಂದೆ ಬಾಚಣಿಗೆ, ಬಾಚಣಿಗೆಯ ಪಕ್ಕದಲ್ಲಿ ಒಣಹುಲ್ಲಿನ ದಪ್ಪ ಜಡೆ, ಬಿಸಿಲಿಗೆ ಹೊಳೆಯುತ್ತಾ ಹೊರಬರುತ್ತಿತ್ತು. ಇಷ್ಟು ವರ್ಷ ದೊಡ್ಡಮ್ಮ ಅದನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿ, ಸಂಜೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಮೈದುನನಿಗೆ ಅದು ನೇರ ಕಣ್ಣೆದುರಿಗೇ, ತಿಕ್ಕಿದ ಗಡಿಯಾರದ ಮುಖದ ಹಾಗೆ. ಪ್ರತಿ ಚಕ್ರದ ಪ್ರತಿ ಹಲ್ಲು ಸರದಿಯಂತೆ ಹುಲ್ಲನ್ನು ಎತ್ತಿ ಪಕ್ಕದ ಹಲ್ಲಿಗೆ ಕೊಡುವುದು, ಅದು ಮುಂದಿನದಕ್ಕೆ ಕೊಡುವುದು. ನಲವತ್ತು ವರ್ಷ ಉಗುರಿನಷ್ಟು ಚಕ್ರಗಳನ್ನು ನೋಡಿದವನ ಎದುರು ಈಗ ಆಳೆತ್ತರದ ಚಕ್ರಗಳು.

"ಅತ್ತಿಗೇ!" ಅವನು ಕೂಗಿದ. "ಇದು ಗಡಿಯಾರಾನೇ!"

"ಬಾವಿ!" ಎಂದರು ದೊಡ್ಡಮ್ಮ.

ಹತ್ತು ಗಂಟೆಗೆ ಹಾಲಿನ ವ್ಯಾನಿನವನು ಬಂದ. ಕ್ಯಾನು ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ನಿಂತ.

"ದೊಡ್ಡಮ್ಮಾ! ಗೊಣಗಪ್ಪ ಹಿಂದಕ್ಕೆ ಹೋಗ್ತಿದಾನೆ!"

"ಗೊತ್ತಪ್ಪಾ! ನಾನು ಅವನ ಮೇಲೇ ಇದೀನಿ!"

"ಎಲ್ಲಿಗೆ ಹೊರಟ್ರಿ?"

"ಹೋದ ವರ್ಷಕ್ಕೆ! ನೆಂದ ಹುಲ್ಲು ತಗೊಂಬರೋಕೆ!"

ವ್ಯಾನಿನವನ ಹೊಟ್ಟೆಯಲ್ಲಿ ಸುದ್ದಿ ನಿಲ್ಲುವುದಿಲ್ಲ. ಹನ್ನೊಂದೂವರೆಗೆ ಬೇಲಿಯ ಉದ್ದಕ್ಕೂ ಜನ. ದರ್ಜಿ ಅಳತೆಪಟ್ಟಿ ಕೊರಳಲ್ಲೇ ಬಿಟ್ಟು ಬಂದಿದ್ದ. ಅಂಚೆಯಕ್ಕ ಸೈಕಲ್ಲನ್ನು ಬೇಲಿಗೆ ಒರಗಿಸಿದ್ದಳು. ಪಕ್ಕದ ಹೊಲದವನೂ ಬಂದಿದ್ದ, ಹೊಸ ಯಂತ್ರದ ಒಡೆಯ. ತನ್ನ ಹುಲ್ಲು ನಿನ್ನೆಯೇ ಒಳಸೇರಿದ ನೆಮ್ಮದಿಯಲ್ಲಿ ಕೈಕಟ್ಟಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಬೇಲಿಯವರೂ ಶುರುಮಾಡಿದರು. "ಬಾವಿ!" ಎಂದು ದೊಡ್ಡಮ್ಮ ಅಂದರೆ "ಬಾವೀ!" ಎಂದು ಇಪ್ಪತ್ತು ಗಂಟಲು. "ಕೊಟ್ಟಿಗೆ!" ಎಂದರೆ "ಕೊಟ್ಟಿಗೇ!" ಪಕ್ಕದ ಹೊಲದವನು ಮೊದಲು ತುಟಿ ಮಾತ್ರ ಆಡಿಸುತ್ತಿದ್ದ, ಮೂರನೇ ಸುತ್ತಿಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.

ಇತ್ತ ಆನೆಯ ಪಾಡು ಬೇರೆ. ಅದರ ತೋಳಿನ ಎಣ್ಣೆ ಸೋರಿ, ಎತ್ತಿದ ಹೊರೆ ದಾರಿಯಲ್ಲೇ ಸ್ವಲ್ಪಸ್ವಲ್ಪ ಇಳಿಯುತ್ತಿತ್ತು. ತಡಮಾಡಿದರೆ ಅಟ್ಟದ ಬಾಗಿಲಿಗೆ ಎತ್ತಿದ್ದು ಬಾಗಿಲು ಮುಟ್ಟುವಾಗ ಮೊಣಕಾಲಿಗೆ ಬಂದಿರುತ್ತಿತ್ತು. ಮಗಳು ಹೊರೆ ಎತ್ತಿದ ಕೂಡಲೇ "ದಾರಿ ಬಿಡಿ, ದಾರಿ ಬಿಡಿ, ಆನೆಗೆ ತೂಕಡಿಕೆ!" ಎಂದು ಕೂಗುತ್ತಾ ಗುಡುಗುಡು ಓಡಿಸುವಳು. ಅಟ್ಟದಲ್ಲಿ ಹುಲ್ಲು ಎಳೆದುಕೊಳ್ಳಲು ದರ್ಜಿ ಮತ್ತು ಅಂಚೆಯಕ್ಕ ತಾವಾಗಿಯೇ ಹತ್ತಿದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಹುಲ್ಲಿನ ಮೀಸೆ ಗಡ್ಡ ಬಂದು, ಯಾರು ಯಾರೆಂದು ತಿಳಿಯದಾಯಿತು.

ಒಂದು ಗಂಟೆಗೆ ಮೋಡದ ಅಂಗೈ ಕಂಬಳಿಯಾಗಿತ್ತು. ಎರಡಕ್ಕೆ ಗಾಳಿ ಎದ್ದಿತು. ಬಾಚಿದ ಸಾಲುಗಳ ತುದಿ ಹಾರತೊಡಗಿತು. ಇನ್ನೂ ಬೇಲಿಯ ಪಕ್ಕದ ಪಟ್ಟಿ ಬಾಕಿ. ಅಲ್ಲೇ ಎಲ್ಲಕ್ಕಿಂತ ಒಳ್ಳೆಯ ಹುಲ್ಲು, ಅಲ್ಲೇ ಎಲ್ಲಕ್ಕಿಂತ ಕೆಟ್ಟ ಗುಂಡಿ.

"ಬಿಟ್ಟುಬಿಡೋಣವಾ ಅತ್ತಿಗೆ? ಇದೊಂದು ನೆಂದರೆ ಏನಾಗತ್ತೆ?"

"ಹುಲ್ಲು ನೆಂದರೆ ಅಂದಿದ್ದೆ. ಎಲ್ಲ ಹುಲ್ಲೂ ನೆಂದರೆ ಅಂದಿರಲಿಲ್ಲ. ನಡಿ."

ಅವನು ನಡೆಸಿದ. ಆ ಪಟ್ಟಿಯಲ್ಲಿ ದೊಡ್ಡಮ್ಮ ಕೂಗುವುದನ್ನೂ ಬಿಟ್ಟರು. ಬಾವಿಯ ಕಡೆಗೆ ಹೋಗಬೇಕಾದರೆ ಅವರ ಬೆನ್ನು ಅವನ ಬೆನ್ನನ್ನು ಆ ಕಡೆಯಿಂದ ಒತ್ತುವುದು. ಕೊಟ್ಟಿಗೆಗಾದರೆ ಈ ಕಡೆಯಿಂದ. ಮೂರು ತಿಂಗಳಿಂದ ಒಂದೇ ಮನೆಯಲ್ಲಿದ್ದು "ಊಟ ಆಯ್ತಾ" ಬಿಟ್ಟರೆ ಹೆಚ್ಚು ಮಾತಾಡದ ಇಬ್ಬರು ಹೀಗೆ, ಒಬ್ಬರು ಬಂದ ದಾರಿ ನೋಡುತ್ತಾ ಒಬ್ಬರು ಹೋಗುವ ದಾರಿ ನೋಡುತ್ತಾ, ಗುಂಡಿಯ ಅಂಚಿನಲ್ಲೇ ಸಾಗಿದರು. ಕಾಯುವವನು ಹಿಂದೆಯೂ ಇದ್ದಾನೆ, ಮುಂದೆಯೂ ಇದ್ದಾನೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲ ಹನಿ ಗೊಣಗಪ್ಪನ ಬಿಸಿ ಹೊಗೆಕೊಳವೆಗೆ ಬಿದ್ದು ಚುಯ್ ಎಂದಾಗ ಬಾಚಣಿಗೆ ಕೊನೆಯ ಹುಲ್ಲನ್ನು ಮಡಿಲಿಗೆ ಹಾಕಿಕೊಂಡಿತ್ತು. ಬೇಲಿಯವರೆಲ್ಲ ಒಳಗೆ ನುಗ್ಗಿದರು. ಕವೆ ಸಿಕ್ಕವರು ಕವೆ, ಸಿಗದವರು ಎರಡು ತೋಳು. ಕೊನೆಯ ಹೊರೆಯನ್ನು ಆನೆ ಎತ್ತಿ ಓಡಿತು. ತೋಳು ಇಳಿಯುತ್ತಾ ಬಂತು. ಅಟ್ಟದ ಹೊಸ್ತಿಲಿಗೆ ಇನ್ನೇನು ತಪ್ಪಿತು ಅನ್ನುವಾಗ ಪಕ್ಕದ ಹೊಲದವನೂ ಹಾಲಿನ ವ್ಯಾನಿನವನೂ ಕೆಳಗಿನಿಂದ ಹೆಗಲು ಕೊಟ್ಟರು, ದರ್ಜಿ ಮೇಲಿನಿಂದ ಎಳೆದ, ಹೊರೆಯ ಜೊತೆ ಪಕ್ಕದ ಹೊಲದವನ ಟೊಪ್ಪಿಯೂ ಅಟ್ಟ ಸೇರಿತು. ಬಾಗಿಲು ಮುಚ್ಚಿದರು. ಆಮೇಲೆ ಮಳೆ ಬಂತು, ಆಕಾಶದಲ್ಲಿ ಯಾರೋ ಕೊಡವನ್ನೇ ಬೋರಲು ಹಾಕಿದಂತೆ. ಎಲ್ಲರೂ ಕೊಟ್ಟಿಗೆಯ ಮಾಡಿನ ಕೆಳಗೆ ಓಡಿ, ಒಬ್ಬರ ತಲೆಯ ಹುಲ್ಲನ್ನು ಒಬ್ಬರು ಕಿತ್ತು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ಕೂತ ವ್ಯಾನಿನವನಿಗೆ ಏಳಲೇ ಆಗಲಿಲ್ಲ.

ಗೊಣಗಪ್ಪ ಮಾತ್ರ ಶೆಡ್ಡಿನ ಎದುರು ಮಳೆಯಲ್ಲೇ ನಿಂತು ಗೊಣಗುತ್ತಿದ್ದ. ಬಾಚಣಿಗೆಯನ್ನು ಬಿಚ್ಚಿಯಾಗಿತ್ತು. ಶೆಡ್ಡಿನ ಬಾಯಿ ಅವನ ಬೆನ್ನ ಹಿಂದೆಯೇ ಇತ್ತು. ಹಿಂದಕ್ಕೆ ಬಿಟ್ಟರೆ ಒಳಗೆ. ಮೈದುನ ಸೀಟಿನಲ್ಲಿ ಕೂತೇ ಇದ್ದ. ಮೈಯೆಲ್ಲ ನೆಂದು ತೊಪ್ಪೆ, ಆದರೆ ಕಣ್ಣಲ್ಲಿ ಸೂರ್ಯ.

"ಅತ್ತಿಗೆ, ನಾಳೆ ಮೆಕ್ಯಾನಿಕ್ ಬರ್ತಾನಲ್ಲ, ಮುಂದಕ್ಕೆ ಹೋಗೋದೂ ಕಲ್ತುಬಿಡ್ತೀನಿ. ಇನ್ನು ಮೇಲೆ ಓಡಿಸೋದು ನನಗೇ ಇರಲಿ. ನೀವು ಹಿಂದೆ ನಿಂತು ಹೇಳ್ತಾ ಇರಿ, ಸಾಕು. ಎಷ್ಟು ಚೆನ್ನಾಗಿ ಹೇಳ್ತೀರಿ!"

"ಆಗಲಪ್ಪ," ಎಂದರು ದೊಡ್ಡಮ್ಮ.

ಆಗಲಪ್ಪ ಎಂದವರು ಹಿಂದಿನ ಕಬ್ಬಿಣದ ಪಟ್ಟಿಯಿಂದ ಇಳಿದು, ಚಕ್ರದ ಪಕ್ಕ ಮಳೆಯಲ್ಲಿ ನಿಂತರು. ಆಣೆಯಿಂದ ಪಾರಾಗಿದ್ದರು. ಮುಖದ ಮೇಲೆ ನಗುವೂ ಇತ್ತು. ಆದರೆ ಮಾಡಿನ ಕೆಳಗೆ ಹೋಗಲಿಲ್ಲ. ನೀರು ಇಳಿಯುತ್ತಿದ್ದ ಸೀಟಿನ ಅಂಚನ್ನು ನೋಡುತ್ತಾ ಹಾಗೇ ನಿಂತಿದ್ದರು. ಅತ್ತ ಮಗಳು ನಗುವುದನ್ನು ನಿಲ್ಲಿಸಿದಳು.

ಮೈದುನ ಇನ್ನೂ ಏನೋ ಹೇಳಲು ಬಾಯಿ ತೆರೆದವನು ಅವರ ಮುಖ ನೋಡಿದ. ಕೂದಲೆಳೆಯಂಥ ಸ್ಪ್ರಿಂಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ ನೋಡಿ ಪಳಗಿದ ಕಣ್ಣು ಅದು.

ಹೆಗಲ ಮೇಲಿನ ಟವೆಲ್ಲು ಹಿಂಡಿದ. ಕ್ಲಚ್ಚಿನಿಂದ ಕಾಲು ತೆಗೆಯದೆ ಮೆಲ್ಲಗೆ ಮಗ್ಗುಲಿಗೆ ಜಾರಿ, ಮೆಟ್ಟಿಲಿಗೆ ಇಳಿದು, ಕಾಲಿನ ಜಾಗಕ್ಕೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಕ್ಲಚ್ಚನ್ನು ಒತ್ತಿ ಹಿಡಿದ. ಹಿಡಿದೇ ಒಂದು ಕೈ ಬಿಡಿಸಿಕೊಂಡು ಸೀಟಿನ ಬಟ್ಟಲಲ್ಲಿ ನಿಂತ ನೀರನ್ನು ಟವೆಲ್ಲಿನಿಂದ ಒರೆಸಿದ. ಅಂಚನ್ನೂ ಒರೆಸಿ, ಆ ಕೈಯನ್ನು ಮತ್ತೆ ಕ್ಲಚ್ಚಿಗೆ ಊರಿದ.

ದೊಡ್ಡಮ್ಮ ಹತ್ತಿ ಕೂತರು. ಅವರ ಕಾಲು ಬಂದು ಕ್ಲಚ್ಚಿನ ಮೇಲೆ ಭಾರ ಬಿಟ್ಟದ್ದು ಗೊತ್ತಾದ ಮೇಲೆ, ಅವನು ಒಂದೊಂದೇ ಕೈಯನ್ನು ತೆಗೆದುಕೊಂಡ.